ಅಭಿಯ ಮಧ್ಯಾಹ್ನದ ಊಟ

ನನ್ನ ಕೆಲಸವೇ ಬೇರೆಯವರ ದನಿ ಕೇಳುವುದು. ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತರೆ, ಆ ಕಡೆಯವರು ಹಲೋ ಅಂದ ಕೂಡಲೇ ಮದುವೆ ಗೊತ್ತಾದ ಸುದ್ದಿಯೋ ಸಾವಿನ ಸುದ್ದಿಯೋ ನನಗೆ ತಿಳಿದುಬಿಡುತ್ತಿತ್ತು. ಹೆಸರು ಕೋಕಿಲಾ, ಕೂತಿರುವುದು ಟೆಲಿಫೋನಿನ ಮುಂದೆ. ಜೊತೆಯವರು ಅದನ್ನಿಟ್ಟುಕೊಂಡು ಗೇಲಿ ಮಾಡದ ದಿನವಿರಲಿಲ್ಲ. ನನಗೂ ನನ್ನ ಕಿವಿಯ ಬಗ್ಗೆ ಸ್ವಲ್ಪ ಜಂಬವಿತ್ತು. ಆ ಜಂಬವೆಲ್ಲ ತೊಂಬತ್ತಾರನೇ ಇಸವಿಯ ಮಳೆಗಾಲದಲ್ಲಿ ಇಳಿದುಹೋಯಿತು.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಆಗ ನಾನು, ನನ್ನ ಗಂಡ ರಾಮಸ್ವಾಮಿ, ಅತ್ತೆ ಗಿರಿಜಾಂಬಾ, ಆರು ತಿಂಗಳು ತುಂಬಿದ ಮಗ ಅಭಿರಾಮ. ಹೆರಿಗೆ ರಜೆ ಮುಗಿದು, ಅದರ ಬೆನ್ನಿಗೆ ಹಾಕಿದ್ದ ರಜೆಯೂ ಮುಗಿದಿತ್ತು. ಅಭಿಗೆ ಅನ್ನಪ್ರಾಶನ ಮಾಡಿ, ಬೆಳ್ಳಿ ಬಟ್ಟಲಿನಿಂದ ಪಾಯಸ ನೆಕ್ಕಿಸಿದ ಮುಂದಿನ ವಾರವೇ ನಾನು ಕೆಲಸಕ್ಕೆ ಹೊರಟೆ.

ಅತ್ತೆಯ ಕೈಗೆ ಮಗು ಕೊಡಲು ಯಾರೂ ಯೋಚನೆ ಮಾಡಬೇಕಾಗಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರ ಮನೆಯ ಮಗು ಹಾಲು ಕುಡಿಯಲು ಹಠ ಮಾಡಿದರೂ ಗಿರಿಜಾಂಬನವರ ಹತ್ತಿರ ಎತ್ತಿಕೊಂಡು ಬರುತ್ತಿದ್ದರು. ಅವರು ಗೋಡೆಗೊರಗಿ ಕಾಲು ನೀಡಿ ಕೂರುವರು. ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಬೆಳ್ಳಿಯ ಒಳಲೆಯ ಮೂತಿಯನ್ನು ಅದರ ಬಾಯಿಗಿಟ್ಟು ಮೆಲ್ಲಗೆ ಬಗ್ಗಿಸುವರು. ಮಗು ಅಳಬೇಕೋ ನುಂಗಬೇಕೋ ಎಂದು ತೀರ್ಮಾನ ಮಾಡುವಷ್ಟರಲ್ಲಿ ಹಾಲು ಹೊಟ್ಟೆಯಲ್ಲಿರುತ್ತಿತ್ತು. ಆ ತಾಯಂದಿರು ಬಾಯಿ ತುಂಬ ಹೊಗಳಿ ಹೋದ ದಿನ ಅತ್ತೆಗೆ ರಾತ್ರಿಯ ಊಟ ಒಂದು ಹಿಡಿ ಜಾಸ್ತಿಯೇ ಸೇರುತ್ತಿತ್ತು.

ಆದರೆ ಡಾಕ್ಟರ್ ಶಿವಕುಮಾರಿ ಒಳಲೆ ಬೇಡವೆಂದಿದ್ದರು. ಗಟ್ಟಿ ಆಹಾರ ಶುರುವಾದ ಮೇಲೆ ಮಗುವನ್ನು ಕೂರಿಸಿ ಚಮಚದಲ್ಲಿ ತಿನ್ನಿಸಬೇಕು, ಮಲಗಿಸಿ ಹುಯ್ದರೆ ಉಸಿರಿನ ದಾರಿಗೆ ಹೋಗುತ್ತದೆ ಎಂದಿದ್ದರು. ಅದನ್ನು ನಾನು ನನ್ನ ಧಾಟಿಯಲ್ಲಿ ಹೇಳಿದೆ. ನನ್ನ ಧಾಟಿ ಅಷ್ಟೇನೂ ನಯವಾದದ್ದಲ್ಲ.

"ಒಳಲೇನ ಬೀರು ಮೇಲೆ ಇಟ್ಟಿದೀನಿ ಅತ್ತೆ. ಕೂರಿಸಿ ಚಮಚದಲ್ಲೇ ತಿನ್ನಿಸಿ."

"ನಿನ್ನ ಗಂಡನಿಗೂ ಅದರಲ್ಲೇ ಹುಯ್ದಿದ್ದು. ಬೆಳೀಲಿಲ್ವಾ?"

"ಡಾಕ್ಟ್ರು ಬೇಡ ಅಂದ್ರೆ ಬೇಡ. ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

ಅತ್ತೆ ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ಆದರೆ ಮೊಮ್ಮಗನ ಮೇಲೆ ಸಿಟ್ಟು ಮಾಡುವವರಲ್ಲ. ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು, ಗಿರಣಿಯಲ್ಲಿ ಬೀಸಿಸಿಕೊಂಡು ಬಂದು, ಹಳೆಯ ಪಂಚೆಯಲ್ಲಿ ಸೋಸಿ ಡಬ್ಬಿ ತುಂಬಿಸಿದವರು ಅವರೇ.

ಬೆಳಿಗ್ಗೆ ನಾನು ಆ ಹಿಟ್ಟಿನಲ್ಲಿ ರಾಗಿ ಸರಿ ಕಾಯಿಸಿ ತುಪ್ಪ ಹಾಕಿಡುತ್ತಿದ್ದೆ, ಅದು ನಾನು ಹೋದ ಮೇಲೆ ಅತ್ತೆ ತಿನ್ನಿಸುವ ತಿಂಡಿ. ಮಧ್ಯಾಹ್ನಕ್ಕೆ ಅಕ್ಕಿ, ಹೆಸರುಬೇಳೆ, ಒಂದು ತುಂಡು ಸಿಹಿಗುಂಬಳ ಹಾಕಿ ಬೆಣ್ಣೆಯಾಗುವ ಹಾಗೆ ಬೇಯಿಸಿ ಕಿವುಚಿ, ಬೆಳ್ಳಿ ಬಟ್ಟಲಿಗೆ ಹಾಕಿ ಮುಚ್ಚಿಟ್ಟು, ಬಸ್ಸಿಗೆ ಓಡುತ್ತಿದ್ದೆ. ಮಧ್ಯಾಹ್ನ ಸೂಪರ್‌ವೈಸರ್ ಊಟಕ್ಕೆ ಎದ್ದ ತಕ್ಷಣ ಮನೆಗೆ ಫೋನು.

"ತಿಂದ್ನಾ ಅತ್ತೆ?"

"ತಿಂದ."

"ಪೂರ್ತಿ?"

"ಪೂರ್ತಿ ತಿಂದ ಕಣಮ್ಮ."

"ಮತ್ತೆ ಯಾಕೆ ಅಳ್ತಿದಾನೆ?"

"ನಿದ್ದೆಗೆ."

ಸಂಜೆ ಮನೆಗೆ ಬಂದರೆ ಬೆಳ್ಳಿ ಬಟ್ಟಲು ತೊಳೆದು ಬೋರಲು ಹಾಕಿರುತ್ತಿತ್ತು. ಅಭಿ ನನ್ನನ್ನು ಕಂಡದ್ದೇ ಸೀರೆ ಎಳೆದು, ರವಿಕೆಗೆ ಬಾಯಿ ಹಾಕಿ, ಕೈಕಾಲು ತೊಳೆಯಲೂ ಬಿಡುತ್ತಿರಲಿಲ್ಲ. ಇಡೀ ದಿನ ನನ್ನ ನೆನಪಾಗಿದೆ ಎಂದು ನಾನು ಉಬ್ಬುತ್ತಿದ್ದೆ. ಭಾನುವಾರ ನಾನೇ ತಿನ್ನಿಸಿದರೆ ಚಮಚ ಕಚ್ಚಿಕೊಂಡು ಬಿಡುತ್ತಿರಲಿಲ್ಲ.

ಶ್ರಾವಣದ ತಿಂಗಳು ತೂಕ ಏರಲಿಲ್ಲ. ಡಾಕ್ಟರ್, ಇರಲಿ ನೋಡೋಣ ಎಂದರು. ಗೌರಿ ಹಬ್ಬದ ಹೊತ್ತಿಗೆ ಕಮ್ಮಿಯೇ ಆಗಿತ್ತು. ಕಾಲುಗೆಜ್ಜೆ ಜಾರಿ ಬಿದ್ದುಹೋಗುತ್ತಿತ್ತು. ತೊಡೆಯ ಮೇಲಿದ್ದ ಮಡಿಕೆಗಳು ಹೋಗಿ ಚರ್ಮ ಜೋಲುತ್ತಿತ್ತು. ನನಗೆ ಹೆದರಿಕೆ ಹತ್ತಿತು. ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಬೋರ್ಡಿನ ಗೋದಾ ಎರಡು ಮಕ್ಕಳ ತಾಯಿ. ಅವಳು ಹೇಳಿದ್ದನ್ನೆಲ್ಲ ಮಾಡಿದೆ. ತಿಂಡಿಗೆ ಇಡ್ಲಿಯನ್ನು ಬಿಸಿನೀರಲ್ಲಿ ನೆನೆಸಿ ತುಪ್ಪ ಕಲಸಿ ಇಡು ಎಂದಳು, ಇಟ್ಟೆ. ಏಲಕ್ಕಿ ಬಾಳೆಹಣ್ಣು ಕೆರೆದು ಹಾಕು ಎಂದಳು, ಹಾಕಿದೆ. ಗೆಣಸು, ಕ್ಯಾರೆಟ್, ಅನ್ನಕ್ಕೆ ಇನ್ನೊಂದು ಚಮಚ ತುಪ್ಪ. ಬಟ್ಟಲು ದಿನದಿನಕ್ಕೆ ಭಾರವಾಯಿತು, ಮಗು ಹಗುರವಾಯಿತು.

"ಇಷ್ಟು ತಿನ್ನೋ ಮಗು ಇಳೀತಿದೆ ಅಂದ್ರೆ ತಿಂದಿದ್ದು ಒಳಗೆ ಸೇರ್ತಿಲ್ಲ," ಎಂದರು ಡಾಕ್ಟರ್ ಶಿವಕುಮಾರಿ. "ಕೆಲವು ಮಕ್ಕಳಿಗೆ ಕರುಳಿನ ಕಾಯಿಲೆ ಇರುತ್ತೆ. ರಕ್ತ ಟೆಸ್ಟ್ ಮಾಡಿಸಿ. ಆಮೇಲೆ ಬೇಕಾದ್ರೆ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ."

ಕಾಯಿಲೆ ಎಂಬ ಮಾತು ಕಿವಿಯಲ್ಲೇ ಉಳಿಯಿತು. ಮನೆಗೆ ಬಂದು ಗಂಡನ ಮುಂದೆ ಅತ್ತುಕೊಂಡೆ, ದೇವರ ಮುಂದೆ ಅತ್ತುಕೊಂಡೆ. ನಮ್ಮತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು.

ಮಾರನೆಯ ಬೆಳಿಗ್ಗೆ ರಜೆ ಹಾಕಿ ಲ್ಯಾಬಿಗೆ ಹೋದೆವು. ಅತ್ತೆಯೂ ಬಂದರು. ಅಭಿಯ ಒಣಗಿದ ಕೈಯಲ್ಲಿ ರಕ್ತನಾಳ ಸಿಗದೆ ಲ್ಯಾಬಿನ ಹುಡುಗಿ ಒಂದು ಕಡೆ ಚುಚ್ಚಿದಳು, ಇನ್ನೊಂದು ಕಡೆ ಚುಚ್ಚಿದಳು, ಕೊನೆಗೆ ಪಾದದಲ್ಲಿ ಹುಡುಕಿದಳು. ಅಭಿ ಕಿರುಚಿ ಕಿರುಚಿ ದನಿ ಹೋಗಿ ಬರೀ ಬಾಯಿ ತೆರೆದುಕೊಂಡಿದ್ದ. ಅತ್ತೆ ನಡುವೆಯೇ ಎದ್ದು ಹೊರಗೆ ಹೋದವರು, ಮೆಟ್ಟಿಲ ಮೇಲೆ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದರು. ಅಜ್ಜಿಯ ಕರುಳು, ಪಾಪ, ಅಂದುಕೊಂಡೆ.

ಮನೆಗೆ ಬಂದವರೇ ಅತ್ತೆ ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ರಾಮಸ್ವಾಮಿ ಆಫೀಸಿಗೆ ಹೋದರು. ನಾನು ಅಭಿಗೆ ಸರಿ ತಿನ್ನಿಸಿದೆ. ಸುಸ್ತಾಗಿದ್ದವನು ಅರ್ಧಕ್ಕೇ ನನ್ನ ಹೆಗಲ ಮೇಲೆ ನಿದ್ದೆಹೋದ. ಅವನನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಹೊರಗೆ ಗೇಟು ದಡದಡ ಎಂದಿತು.

ಹಸು. ಕಂದು ಬಣ್ಣದ್ದು, ಕೊಂಬಿಗೆ ಅರಿಸಿನ ಬಳಿದದ್ದು. ಹಿಂದಿನ ಬೀದಿಯಲ್ಲಿ ಹಾಲು ಹಾಕುವ ಮುನಿಯಕ್ಕನದು. ನಮ್ಮತ್ತೆ ಶುಕ್ರವಾರ ಗೋಗ್ರಾಸವೆಂದು ಅದಕ್ಕೆ ಅಕ್ಕಿ ಬೆಲ್ಲ ಹಾಕುವುದು ಮೊದಲಿನಿಂದ ಇತ್ತು. ಭಾನುವಾರ ಬಂದಾಗಲೂ ಅವರೇ ಎದ್ದುಹೋಗಿ ಏನೋ ಹಾಕಿ ಬರುತ್ತಿದ್ದರು. ಈಗ ಅದು ಗೇಟನ್ನು ಹಣೆಯಿಂದ ನೂಕುತ್ತ ಅಂಬಾ ಎನ್ನುತ್ತಿತ್ತು. ಮಗು ಎದ್ದುಬಿಡುತ್ತದೆಂದು ಬಾಳೆಹಣ್ಣಿನ ಸಿಪ್ಪೆ ಹಿಡಿದು ಓಡಿದೆ. ಅದು ಸಿಪ್ಪೆಯನ್ನು ಮೂಸಿ ನೋಡಿ ಮುಖ ತಿರುಗಿಸಿತು. ನನ್ನ ಇನ್ನೊಂದು ಕೈಯಲ್ಲಿ ಅಭಿ ಬಿಟ್ಟ ಸರಿಯ ಬಟ್ಟಲಿತ್ತು. ಹಸು ಕತ್ತು ಚಾಚಿ, ನಾಲಿಗೆ ಹೊರಗೆ ಹಾಕಿ, ಬಟ್ಟಲಿನ ತಳದವರೆಗೂ ನೆಕ್ಕಿತು.

ಅಷ್ಟರಲ್ಲಿ ಮುನಿಯಕ್ಕ ಹಗ್ಗ ಹಿಡಿದು ಬಂದಳು.

"ಸಿಪ್ಪೆ ಯಾಕವ್ವ ಹಾಕ್ತೀಯ ಅದಕ್ಕೆ? ತಿಂದಾತಾ ಅದು? ಬೆಳಿಗ್ಗೆ ಸರಿ, ಮಧ್ಯಾನ ತುಪ್ಪದ ಅನ್ನ, ದಿನಾ ಅಜ್ಜಮ್ಮ ಹಾಕಿ ಹಾಕಿ ರೂಢಿ ಮಾಡವ್ರೆ. ನಮ್ಮನೇಲಿ ಕಟ್ಟಾಕಿದ್ರೂ ಕಿತ್ಕೊಂಡು ಬತ್ತದೆ."

ಅವಳು ಹಸುವನ್ನು ಎಳೆದುಕೊಂಡು ಹೋದಳು. ನಾನು ಗೇಟು ಹಿಡಿದುಕೊಂಡೇ ನಿಂತೆ.  ಕಾಯಿಲೆ ಇರಲಿಲ್ಲ. ಕರುಳು ಸರಿಯಾಗಿತ್ತು. ನನ್ನ ಮಗು ಹಸಿದಿತ್ತು, ಅಷ್ಟೇ.

"ಏಳಿ ಅತ್ತೆ," ಎಂದೆ. ಖಾಲಿ ಬಟ್ಟಲನ್ನು ಚಾಪೆಯ ಪಕ್ಕ ಕುಕ್ಕಿದೆ. "ಇದು ಯಾರ ಹೊಟ್ಟೆಗೆ ಹೋಗ್ತಿತ್ತು ಹೇಳಿ."

ಅವರು ಎದ್ದು ಕೂತರು. ಸುಳ್ಳು ಹೇಳಲು ನೋಡಲಿಲ್ಲ.

"ಮೊದಲನೇ ದಿನವೇ ಕಣೇ. ಚಮಚದಲ್ಲಿ ಕೊಟ್ಟೆ, ಎಲ್ಲಾ ಉಗೀತಿದ್ದ. ನೀನು ಫೋನ್ ಮಾಡೋ ಹೊತ್ತಾಯ್ತು. ತಿಂದಿಲ್ಲ ಅಂದ್ರೆ ಏನಂತೀಯೋ ಅಂತ, ಒಳಲೆ ತೆಗೆದು, ತೆಳ್ಳಗೆ ಮಾಡಿ ಹುಯ್ದೆ. ನೆತ್ತಿಗೆ ಹತ್ತಿಬಿಡ್ತು. ಕೆಮ್ಮಲಿಲ್ಲ, ಅಳಲಿಲ್ಲ. ತುಟಿ ನೇರಳೆಹಣ್ಣಿನ ಹಾಗಾಯ್ತು."

ತೊಟ್ಟಿಲಲ್ಲಿ ಮಲಗಿದ್ದ ಅಭಿಯ ತುಟಿಯ ಕಡೆ ನನ್ನ ಕಣ್ಣು ಹೋಯಿತು.

"ಕವುಚಿ ಹಾಕ್ಕೊಂಡು ಬೆನ್ನಿಗೆ ಗುದ್ದಿದೆ, ಗುದ್ದಿದೆ. ಫೋನು ಹೊಡ್ಕೋತಾನೇ ಇತ್ತು. ಆಮೇಲೆ ಉಸಿರು ಬಂತು, ಅಳು ಬಂತು. ಎತ್ಕೊಂಡೇ ಹೋಗಿ ಫೋನ್ ತಗೊಂಡೆ."

"ಆ ಫೋನು ಮಾಡಿದ್ದು ನಾನಾ?"

"ನೀನೇ. ತಿಂದ್ನಾ ಅಂದೆ. ನಾನು ತಿಂದ ಅಂದೆ."

ಅಲ್ಲಿಂದ ಮುಂದೆ ಚಮಚ ಹಿಡಿದರೂ ಅವರ ಕೈ ನಡುಗುತ್ತಿತ್ತಂತೆ. ಅಭಿ ಸ್ವಲ್ಪ ಕೆಮ್ಮಿದರೂ ಬಟ್ಟಲು ಕೆಳಗಿಟ್ಟುಬಿಡುತ್ತಿದ್ದರಂತೆ. ಬಾಟಲಿಯನ್ನಾದರೆ ಅವನೇ ಚೀಪುತ್ತಾನೆ, ಅದೂ ಎಲ್ಲಿ ಗಟ್ಟಿಯಾಗಿ ಗಂಟಲಿಗೆ ಸಿಕ್ಕುತ್ತದೋ ಎಂದು ನೀರು ಬೆರೆಸಿದ ಹಾಲು ಕೊಡುತ್ತಿದ್ದರಂತೆ. ಮಾಡಿಟ್ಟ ಅನ್ನವನ್ನು ಮೋರಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಅನ್ನ ಚೆಲ್ಲಿದರೆ ಮಗುವಿಗೆ ಕೇಡು ಎಂದು ಹಸುವಿಗೆ ಹಾಕಿದರು.

"ಇವತ್ತು ಪಾದಕ್ಕೆ ಚುಚ್ಚಿದ್ರಲ್ಲ! ಆಗ್ಲಾದ್ರೂ ಬಾಯಿ ಬಿಡಬಾರದಿತ್ತಾ?" ಎಂದು ಕಿರುಚಿದೆ. "ಊರಿಗೆಲ್ಲ ಮಗು ಸಾಕೋ ಗಿರಿಜಾಂಬನವರು ಅನ್ನೋ ಹೆಸರು ಅಷ್ಟು ದೊಡ್ಡದಾ?"

"ಹೇಳ್ಬೇಕು ಅಂತಾನೇ ಅಲ್ಲಿಗೆ ಬಂದೆ," ಎಂದರು. "ಆಗಲಿಲ್ಲ."

ನಮ್ಮ ಗಲಾಟೆಗೆ ಅಭಿ ಎದ್ದ. ಮಧ್ಯಾಹ್ನಕ್ಕೆ ಮಾಡಿದ್ದ ಬೇಳೆ ಅನ್ನವನ್ನು ತಂದು ಅವನನ್ನು ನನ್ನ ತೊಡೆಯ ಮೇಲೆ ಕೂರಿಸಿಕೊಂಡೆ. ಒಂದು ಚಮಚ ನುಂಗುವ ಮೊದಲೇ ಇನ್ನೊಂದಕ್ಕೆ ಬಾಯಿ ತೆರೆದ. ಮುಗಿದ ಮೇಲೆ ಎರಡೂ ಕೈಯಲ್ಲಿ ಬಟ್ಟಲು ಎಳೆದುಕೊಂಡು ಅದರ ಅಂಚು ಚೀಪುತ್ತ ಅತ್ತ. ಅದನ್ನು ನೋಡಲಾರದೆ ನಾನೂ ಅತ್ತುಬಿಟ್ಟೆ. ಎದುರಿಗೆ ಕೂತ ಅತ್ತೆ, ಇನ್ನೊಂಚೂರು ಹಾಕೇ, ಇನ್ನೊಂಚೂರು ಹಾಕೇ, ಎನ್ನುತ್ತಿದ್ದರು. ಅವರನ್ನು ಆ ಕ್ಷಣ ನಾನು ದ್ವೇಷಿಸಿದೆ. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ.

ಸಂಜೆ ರಾಮಸ್ವಾಮಿ ಎಲ್ಲ ಕೇಳಿ, "ಅಮ್ಮ ಬೇಕೂಂತ ಮಾಡಿಲ್ವಲ್ಲ," ಎಂದರು. ಬೇಕೆಂದು ಮಾಡಿದ್ದರೆ ನಾನು ಇಷ್ಟು ಹೊತ್ತಿಗೆ ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿರುತ್ತಿದ್ದೆ ಎಂದೆ. ಕೆಲಸ ಬಿಡುವ ಮಾತೂ ಬಂತು. ಬಿಡುವುದಿಲ್ಲ ಎಂದೆ. ಬೆಳಗಿನ ತಿಂಡಿ ತಿನ್ನಿಸಿ ಆಫೀಸಿಗೆ ಹೋಗುವ ಕೆಲಸ ಅಭಿಯ ಅಪ್ಪನದು ಎಂದಾಯಿತು. ಉಳಿದದ್ದು ಮಧ್ಯಾಹ್ನದ ಬಟ್ಟಲು. ನನಗೆ ಇನ್ನು ರಜೆ ಇರಲಿಲ್ಲ, ಬೇರೆ ಯಾರೂ ಇರಲಿಲ್ಲ.

ಮರುದಿನ ಹೊರಡುವಾಗ ಅತ್ತೆಯ ಮುಂದೆ ನಿಂತೆ. ನನ್ನ ದನಿ ಇನ್ನೂ ಒರಟಾಗಿಯೇ ಇತ್ತು.

"ಕೂರಿಸಿ ಕೊಡಿ. ಉಗಿದ್ರೆ ಉಗೀಲಿ. ಕೈಲಾಗಲಿಲ್ಲ ಅಂದ್ರೆ ಇಲ್ಲ ಅನ್ನಿ. ನಾನು ಏನೂ ಅನ್ನಲ್ಲ, ಬರ್ತೀನಿ. ಆದ್ರೆ ತಿಂದ ಅಂತ ಮಾತ್ರ ಸುಳ್ಳು ಹೇಳ್ಬೇಡಿ."

ಅತ್ತೆ ತಲೆಯಾಡಿಸಿದರು. ಒಳಲೆಯನ್ನು ತಾವೇ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದನ್ನು ಬೆಳಿಗ್ಗೆಯೇ ನೋಡಿದ್ದೆ.

ಆ ಬೆಳಿಗ್ಗೆ ಮೂರು ಟ್ರಂಕ್ ಕಾಲ್‌ಗಳನ್ನು ತಪ್ಪು ಊರಿಗೆ ಜೋಡಿಸಿ ಬೈಸಿಕೊಂಡೆ. ಸೂಪರ್‌ವೈಸರ್ ಊಟಕ್ಕೆ ಎದ್ದರು. ಮನೆಯ ಫೋನು ಬಹಳ ಹೊತ್ತು ಹೊಡೆದುಕೊಂಡಿತು. ಒಂದೊಂದು ರಿಂಗಿಗೂ ನನ್ನ ಕಣ್ಣ ಮುಂದೆ ನೇರಳೆ ತುಟಿ ಬರುತ್ತಿತ್ತು. ಕೊನೆಗೆ ಎತ್ತಿದರು. ಹಿಂದೆ ಅಭಿ ಅಳುತ್ತಿದ್ದ.

"ತಿಂದ್ನಾ ಅತ್ತೆ?"

ಅವರ ಉಸಿರು ಮಾತ್ರ ಕೇಳಿಸಿತು. ಏನು ಹೇಳುತ್ತಾರೋ ಎಂದು ಈ ಕಿವಿಗೆ ತಿಳಿಯಲೇ ಇಲ್ಲ.

"ಇಲ್ಲ," ಎಂದರು ಅತ್ತೆ. "ಎರಡು ಚಮಚ ಕೊಟ್ಟೆ. ಕೆಮ್ಮಿದ. ಕೈ ನಡುಗ್ತು. ಆಮೇಲೆ ಆಗಲಿಲ್ಲ ಕಣೇ."

ನನಗೆ ಅಳು ಉಕ್ಕಿತು. ಸಿಟ್ಟಿನದಲ್ಲ. ನನ್ನ ಬೋರ್ಡು ನೋಡಿಕೋ ಎಂದು ಗೋದಾಳ ಹೆಗಲು ತಟ್ಟಿದೆ. ಸೂಪರ್‌ವೈಸರ್ ಬಂದು ಮೆಮೋ ಕೊಟ್ಟರೆ ಕೊಡಲಿ.

"ಬರ್ತಿದೀನಿ ಅತ್ತೆ. ಎತ್ಕೊಂಡಿರಿ ಅವನನ್ನ."

"ಬಾ," ಎಂದರು. ಹೆಡ್‌ಸೆಟ್ ತೆಗೆಯಲು ಹೋದವಳು ಅವರು ಇನ್ನೂ ಏನೋ ಹೇಳುತ್ತಿದ್ದಾರೆಂದು ಮತ್ತೆ ಕಿವಿಗೊತ್ತಿಕೊಂಡೆ. "ಬಟ್ಟಲು ಮುಚ್ಚಿಟ್ಟಿದೀನಿ. ಹಸು ಬಂದು ಗೇಟು ನೂಕ್ತಾ ಇದೆ, ಕೋಕಿಲಾ. ಅದಕ್ಕೆ ಹಾಕಿಲ್ಲ. ನೀನು ಬೇಗ ಬಾ."