ಮೂರು ಸಲ ಮಿಣುಕುವ ದೀಪ

ಅಕ್ಕನಿಗೆ ಕಿವಿ ಕೇಳುವುದಿಲ್ಲ. ಬಾಗಿಲ ಗುಂಡಿ ಒತ್ತಿದರೆ ಅಡುಗೆಮನೆಯ ದೀಪ ಮಿಣುಕುವ ಹಾಗೆ ಅವಳ ತಮ್ಮ ಒಂದು ಪ್ರೋಗ್ರಾಂ ಬರೆದು, ಬಾಗಿಲ ಹಿಂದೆ ಪುಟ್ಟ ಸರ್ಕ್ಯೂಟ್ ಬೋರ್ಡೊಂದನ್ನು ಕೂರಿಸಿಕೊಟ್ಟಿದ್ದ. ಹೋದ ವರ್ಷ ಆಸ್ಪತ್ರೆಗೆ ಹೋದವನು ಮರಳಲಿಲ್ಲ. ಆಮೇಲೆ ಬೋರ್ಡೂ ಕೈಕೊಟ್ಟಿತು. ಯಾರು ಬಂದರೋ, ಯಾರು ಕಾದು ಕಾದು ಹೋದರೋ ಅವಳಿಗೆ ತಿಳಿಯದು. ಸಂಜೆ ಬಾಗಿಲು ತೆಗೆದರೆ ಹಾಲಿನ ಪೊಟ್ಟಣ ಬಿಸಿಲಿಗೆ ಉಬ್ಬಿಕೊಂಡು ಕೂತಿರುತ್ತಿತ್ತು.

ಕೊನೆಗೆ ಆ ಪ್ರೋಗ್ರಾಂ ಇದ್ದ ತಮ್ಮನ ಹಳೇ ಕಂಪ್ಯೂಟರನ್ನು ಚೀಲದಲ್ಲಿಟ್ಟುಕೊಂಡು ರಿಪೇರಿ ಅಂಗಡಿಗೆ ಹೋದಳು.

"ಹೊಸ ಬೋರ್ಡ್ ಹಾಕ್ಕೊಡ್ತೀನಿ!" ರಿಪೇರಿಯವನು ಗಂಟಲು ಹರಿಯುವಂತೆ ಕೂಗಿದ.

"ಕೂಗಿದ್ರೆ ಬೀದಿಯವರಿಗೆ ಕೇಳತ್ತೆ ಅಷ್ಟೇ. ಈ ಕಡೆ ಮುಖ ಮಾಡಿ ಮೆಲ್ಲಗೆ ಹೇಳಪ್ಪ, ತುಟಿ ನೋಡ್ತೀನಿ."

ಅವನು ನಾಚಿ ನಕ್ಕ. "ಈ ಕಂಪ್ಯೂಟರ್ ಇವತ್ತೋ ನಾಳೆಯೋ ಅನ್ನೋ ಹಾಗಿದೆ ಅಕ್ಕಾ. ಪ್ರೋಗ್ರಾಂನ ಇಂಟರ್ನೆಟ್ಟಲ್ಲಿ ಇಟ್ಬಿಡಿ. ಕೋಡ್ ಇಡೋಕೇ ಅಂತ ತಾಣ ಇದೆ. ಯಾರು ಏನು ಬದಲಾಯಿಸಿದ್ರು ಅನ್ನೋದನ್ನೂ ಜೋಪಾನ ಮಾಡತ್ತೆ. ಆಮೇಲೆ ಇದನ್ನ ಬಿಚ್ಚಿ ಬಿಡಿಭಾಗಕ್ಕೆ ಇಟ್ಕೋತೀನಿ."

ಸ್ಟೂಲಿನ ಮೇಲೆ ಕೂತು ಅಕ್ಕ ಖಾತೆ ತೆರೆದಳು. ಪಾಸ್‌ವರ್ಡ್ ತಪ್ಪಿ, ಮತ್ತೆ ತಪ್ಪಿ, ಅಂತೂ ಸರಿಹೋಯಿತು. ರೆಪೊ ಅನ್ನುವ ಹೊಸ ಜಾಗ ಮಾಡಿ, ಅವನು ತೋರಿಸಿದ ಹಾಗೆ ಫೈಲುಗಳನ್ನು ಎಳೆದು ಹಾಕಿದಳು. ಎಲ್ಲದರ ಎದುರೂ ಅವಳದೇ ಹೆಸರು, ಅಂದಿನದೇ ತಾರೀಕು.

ಅವಳ ಮುಖ ಸಪ್ಪಗಾಯಿತು. "ಬರೆದೋನು ನನ್ನ ತಮ್ಮ. ಅವನ ಹೆಸರೇ ಇಲ್ವಲ್ಲಪ್ಪ?"

ಸ್ಕ್ರೂಡ್ರೈವರ್ ಹಿಡಿದು ಕಾಯುತ್ತಿದ್ದವನು ಬಗ್ಗಿ ನೋಡಿ ಹಣೆ ಚಚ್ಚಿಕೊಂಡ. "ನಂದೇ ತಪ್ಪು. ಅವರು ಬದಲಾಯಿಸ್ತಾ ಬರ್ಕೊಂಡಿದ್ದೆಲ್ಲ ಕಣ್ಣಿಗೆ ಕಾಣದ ಒಂದು ಫೋಲ್ಡರಲ್ಲಿದೆ. ಹೀಗೆ ಎಳೆದು ಹಾಕಿದ್ರೆ ಅದು ಬರಲ್ಲ. ಕಂಪ್ಯೂಟರ್ ಬಿಚ್ಚಿದ್ದಿದ್ರೆ ಹೋಗೇಬಿಡ್ತಿತ್ತು!"

ಹಾಕಿದ್ದನ್ನು ಅಳಿಸಿ, ಕಪ್ಪು ಪರದೆಯೊಂದನ್ನು ತೆರೆದು ಅವನು ಏನೋ ಟೈಪ್ ಮಾಡತೊಡಗಿದ. ನಡುವೆ ಕಂಪ್ಯೂಟರ್ ಒಮ್ಮೆ ಕಣ್ಣುಮುಚ್ಚಿತು. ಅದು ಎದ್ದಿತು, ಮತ್ತೆ ಕಳಿಸಿದ್ದಾಯಿತು. ಪುಟದ ತುಂಬ ಈಗ ತಮ್ಮನ ಹೆಸರು, ಪಕ್ಕದಲ್ಲಿ ಅವನ ಸಾಲುಗಳು.

'ಒಂದೇ ಸಲ ಮಿಣುಕಿದರೆ ಅಕ್ಕ ನೋಡುವುದಿಲ್ಲ. ಎರಡು ಸಲ ಮಾಡಿದೆ.'

'ದೀಪ ಒಲೆಯ ಎದುರಿಗೆ ಸರಿಸಿದೆ. ಇಡೀ ದಿನ ಅಲ್ಲೇ ಇರುತ್ತಾಳೆ.'

'ಗುಂಡಿಯನ್ನು ಒತ್ತಿ ಹಿಡಿದರೆ ಮೂರು ಸಲ. ಬಂದವನು ನಾನು ಅಂತ ತಿಳಿಯಲಿ.'

ರಿಪೇರಿಯವನು ಓದಿ ಮೆಲ್ಲಗೆ ಕೇಳಿದ. "ಆ ಮೂರು ಸಲದ್ದು ತೆಗೀಲಾ ಅಕ್ಕಾ? ಇನ್ನು ಯಾರೂ ಹಾಗೆ ಒತ್ತಲ್ಲ ಅಲ್ವಾ? ಮತ್ತೆ ಬೇಕಾದ್ರೆ ಹಳೇದನ್ನ ವಾಪಸ್ ತರಬಹುದು."

"ಕೋಡು ವಾಪಸ್ ಬರತ್ತೆ ಬಿಡು," ಎಂದಳು ಅಕ್ಕ. "ಇರ್ಲಿ, ತೆಗೀಬೇಡ."

ಮನೆಗೆ ಬಂದು ಹೊಸ ಬೋರ್ಡ್ ಕೂರಿಸಿ ಅವನು ಹೊರಟ ಮೇಲೆ ಅಕ್ಕ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಗುಂಡಿಯನ್ನು ತಮ್ಮ ಒತ್ತುತ್ತಿದ್ದಂತೆ ಒತ್ತಿ ಹಿಡಿದು, ಕಿಟಕಿಯಿಂದ ಇಣುಕಿದಳು.

ಯಾರೂ ಇಲ್ಲದ ಅಡುಗೆಮನೆಯಲ್ಲಿ ದೀಪ ಮಿಣುಕಿತು. ಒಂದು, ಎರಡು, ಮೂರು. ಬಾಗಿಲು ತೆರೆಯಲು ಒಳಗೆ ಅವಳಿರಲಿಲ್ಲ. ಸ್ವಲ್ಪ ಹೊತ್ತು ಹೊಸಿಲ ಹೊರಗೇ ನಿಂತಿದ್ದು, ತಾನೇ ಬಾಗಿಲು ತಳ್ಳಿ ಒಳಗೆ ಹೋದಳು.