ಬಾಗಿಲು ತೆಗೆದವರು

ನಮ್ಮೂರ ಕೋಟೆಯ ಹೆಬ್ಬಾಗಿಲಿಗೆ ಕದಗಳಿರಲಿಲ್ಲ. ಒಳಬದಿಯಲ್ಲಿ ಕಾವಲುಗಾರ ಕೂರುತ್ತಿದ್ದ ಕಲ್ಲಿನ ಕಟ್ಟೆಯೊಂದು ಮಾತ್ರ ಉಳಿದಿತ್ತು. ಸಂತೆಗೆ ಹೊರಟವರು, ದಿಬ್ಬಣದವರು, ಸ್ಕೂಲಿನ ಮಕ್ಕಳು, ಯಾರೇ ಆಗಲಿ, ಅದರ ಮೇಲೊಮ್ಮೆ ಉಗುಳಿಯೇ ಮುಂದೆ ಹೋಗುತ್ತಿದ್ದರು. ಶತ್ರುವಿಗೆ ಬಾಗಿಲು ತೆಗೆದ ದ್ರೋಹಿ ಕೂತಿದ್ದ ಜಾಗ ಅದು. ಆ ದ್ರೋಹಿ ನಮ್ಮ ಮನೆತನದವನು. ಅವನು ಸರಿಸಿದ ಕದದ ಅಗುಳಿಯೇ ಹೆಸರಾಗಿ, ಊರು ನಮ್ಮನ್ನು ಅಗುಳಿ ಮನೆಯವರು ಎನ್ನುತ್ತಿತ್ತು. ಅಪ್ಪ ಹಾಸಿಗೆ ಹೊಲಿಯುತ್ತಿದ್ದರು. ಅವರು ಹೊಲಿದ ಹಾಸಿಗೆಯ ಮೇಲೆ ಸುಖವಾಗಿ ಮಲಗಿ ಎದ್ದವರೇ ಬೆಳಗ್ಗೆ ಬೀದಿಯಲ್ಲಿ ಅವರನ್ನು "ಏ ಅಗುಳಿ" ಎಂದು ಕೂಗುತ್ತಿದ್ದರು.

ನಾಲ್ಕನೇ ತರಗತಿಯ ಚರಿತ್ರೆಯಲ್ಲಿ ಕೋಟೆಯ ಪಾಠವಿತ್ತು. ಅದು ನಡೆಯುವ ವಾರ ನಮ್ಮ ಮನೆಯ ಮಕ್ಕಳಿಗೆ ತಪ್ಪದೆ ಹೊಟ್ಟೆನೋವು ಬರುತ್ತಿತ್ತು. ಅಣ್ಣನಿಗೆ ಬಂದಿತ್ತು, ಅಕ್ಕನಿಗೆ ಬಂದಿತ್ತು, ನನಗೂ ಬರಬೇಕಾಗಿತ್ತು. ಆದರೆ ಆ ವರ್ಷ ಬಂದ ನಾಗಭೂಷಣ ಮೇಷ್ಟ್ರು ಪರಸ್ಥಳದವರು. ಪುಸ್ತಕದ ಕ್ರಮದಲ್ಲಿ ಪಾಠ ಮಾಡುವವರಲ್ಲ. ಒಂದು ದಿನ ಊಟದ ಹೊತ್ತಿಗೆ ಮುಂಚೆ, ಬಿಸಿಲು ಏರಿದ್ದಾಗ, ಅವರು ಪುಸ್ತಕ ಮುಚ್ಚಿ, "ಇವತ್ತು ಕೋಟೆ ಪಾಠ. ಓದೋದು ಬೇಡ, ಆಡೋಣ" ಅಂದರು.

ಪಾತ್ರಗಳನ್ನು ಹಂಚಿದರು. ಕೋಟೆ ಉಳಿಸಲು ಹೋರಾಡಿ ಸತ್ತ ದಳವಾಯಿಯ ವಂಶದ ಹೇಮಾವತಿ ರಾಣಿಯಾದಳು. ಜವಳಿ ಅಂಗಡಿಯವರ ಮಲ್ಲೇಶ ತನ್ನ ಗುಂಪು ಕಟ್ಟಿಕೊಂಡು ಶತ್ರುಸೈನ್ಯವಾಗಿ ಹೊರಗೆ ಜಗಲಿಯ ಮೇಲೆ ನಿಂತ.

"ಬಾಗಿಲು ಕಾಯೋರು ಯಾರು?"

"ಅಗುಳಿ, ಸಾರ್" ಎಂದು ಇಡೀ ತರಗತಿ ನನ್ನ ಕಡೆ ತಿರುಗಿತು.

ಮೇಷ್ಟ್ರು ಅದನ್ನು ಮಕ್ಕಳ ಅಡ್ಡಹೆಸರೆಂದುಕೊಂಡು ನಕ್ಕರು. "ಬಾಮ್ಮ, ಇದು ದೊಡ್ಡ ಪಾತ್ರ. ನೀನು ಚಿಲಕ ತೆಗೆದರೇನೇ ಕತೆ ಮುಂದಕ್ಕೆ ಹೋಗೋದು."

ಅಷ್ಟರಲ್ಲಿ ಹೆಡ್‌ಮಾಸ್ಟರು ಕರೆಸಿದರು. ತಾವು ಬರುವ ತನಕ ಆಟ ನಡೆಯಲಿ ಎಂದು ಹೇಳಿ ಮೇಷ್ಟ್ರು ಹೋದರು. ನಾನು ತರಗತಿಯ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.

ಹೊರಗಿನಿಂದ ಮಲ್ಲೇಶ ಬಾಗಿಲು ಗುದ್ದಿದ. "ತೆಗಿಯೇ ಅಗುಳಿ. ನಿಮ್ಮ ತಾತ ತೆಗೆದ ಹಾಗೆ ತೆಗಿ."

"ತೆಗೆಯಲ್ಲ" ಅಂದೆ.

ಒಳಗಿದ್ದವರು ಮೊದಮೊದಲು ನಕ್ಕರು. ಆಮೇಲೆ ಬೇಸತ್ತರು. ಕಿಟಕಿಗಳು ಮೇಲೆಲ್ಲೋ ಇದ್ದ ಕೋಣೆ ಅದು, ಬೇಗ ಕಾವೇರಿತು. ಕುಡಿಯುವ ನೀರಿನ ಹಂಡೆ ಇದ್ದದ್ದು ಹೊರಗೆ, ಮಲ್ಲೇಶನ ಕಡೆ. ಅವನ ಸೈನ್ಯ ಲೋಟದಲ್ಲಿ ನೀರು ಮೊಗೆದು, ಒಳಗೆ ಕೇಳುವಂತೆ ಚಪ್ಪರಿಸಿ ಕುಡಿಯಿತು.

"ಸಾಕು ಕಣೇ, ತೆಗಿ" ಎಂದರು ಒಬ್ಬಿಬ್ಬರು. ಆಮೇಲೆ ಎಲ್ಲರೂ. ಹಿಂದಿನ ಬೆಂಚಿನ ಸಣಕಲ ಹುಡುಗಿಯೊಬ್ಬಳು ಅಳಲಿಕ್ಕೇ ಶುರುಮಾಡಿದಳು. ಹೆಬ್ಬಾಗಿಲಲ್ಲಿ ನನ್ನ ಮುಂದೆಯೇ ಆ ಕಟ್ಟೆಗೆ ಉಗುಳಿ, ನನ್ನತ್ತ ನೋಡಿ ನಗುತ್ತಿದ್ದ ಮುಖಗಳೆಲ್ಲ ಈಗ ಬೆವರಿ, ಕೆಂಪಾಗಿ, ನನ್ನನ್ನು ಬೇಡುತ್ತಿದ್ದವು. ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಚಿಲಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಕೊನೆಗೆ ಎದ್ದು ಬಂದವಳು ಹೇಮಾವತಿ. "ಸರಿಯೇ ಆಚೆ" ಎಂದು ನನ್ನ ಜಡೆ ಹಿಡಿದೆಳೆದು ಪಕ್ಕಕ್ಕೆ ತಳ್ಳಿ, ಚಿಲಕ ತೆಗೆದು, ನೇರ ಹಂಡೆಯ ಹತ್ತಿರ ಓಡಿದಳು. ಅವಳ ಹಿಂದೆ ಉಳಿದವರೆಲ್ಲ ನುಗ್ಗಿದರು. ನಾನು ನೆಲದ ಮೇಲೆ ಬಿದ್ದಲ್ಲೇ ಇದ್ದೆ.

ಮೇಷ್ಟ್ರು ಬರುವಷ್ಟರಲ್ಲಿ ಎಲ್ಲರೂ ಒಳಗೆ ಬಂದು ಕೂತಿದ್ದರು. ಅವರು ಹುಬ್ಬೇರಿಸಿ ಕೇಳಿದರು. "ಕೋಟೆ ಬಿತ್ತೋ? ಬಾಗಿಲು ತೆಗೆದವರು ಯಾರು?"

ಮೊದಲು ಮಲ್ಲೇಶ ನನ್ನ ಕಡೆ ಬೆರಳು ತೋರಿಸಿದ. ಅವನನ್ನು ನೋಡಿ ಪಕ್ಕದವನು, ಅವನ ಪಕ್ಕದವನು. ಅತ್ತಿದ್ದ ಹುಡುಗಿಯೂ ತೋರಿಸಿದಳು. ಎಲ್ಲರಿಗಿಂತ ಕೊನೆಗೆ ಹೇಮಾವತಿ ಕೈಯೆತ್ತಿದಳು. ಅವಳ ಗಲ್ಲದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಮೇಷ್ಟ್ರು ಆ ನೀರನ್ನು ನೋಡಿದರು. ನನ್ನ ಬಿಚ್ಚಿದ ಜಡೆಯನ್ನು, ಧೂಳು ಮೆತ್ತಿದ ಲಂಗವನ್ನು ನೋಡಿದರು. ಅವರಿಗೆ ಗೊತ್ತಾಯಿತು ಎಂದು ನನಗೂ ಗೊತ್ತಾಯಿತು. ಹೇಳುತ್ತಾರೆ ಎಂದು ಕಾದೆ. ಹೇಮಾವತಿಯ ಅಪ್ಪ ಶಾಲಾ ಸಮಿತಿಯ ಅಧ್ಯಕ್ಷರು. ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ, "ಸರಿ, ಪುಸ್ತಕ ತೆಗೀರಿ" ಅಂದರು. ಆ ಪಾಠವನ್ನು ಅವರು ಇಡಿಯಾಗಿ, ಗಟ್ಟಿಯಾಗಿ, ತಲೆಯೆತ್ತದೆ ಓದಿದರು. ದ್ರೋಹಿ ಎಂಬ ಮಾತು ಬಂದಾಗಲೂ ಎತ್ತಲಿಲ್ಲ.

ಮನೆಗೆ ಹೋಗುವಾಗ ಹೆಬ್ಬಾಗಿಲಲ್ಲಿ ಮಲ್ಲೇಶನ ಗುಂಪು ಕಾದಿತ್ತು. ಅವರು ಆ ದಿನ ಕಟ್ಟೆಗೆ ಉಗುಳಲಿಲ್ಲ. ನನ್ನ ಮೇಲೆ ಉಗುಳಿದರು.

ಅಪ್ಪ ಸಂಜೆಗೆ ಬರುವವರಿದ್ದರು. ಅಜ್ಜಿ ಒಬ್ಬರೇ ಹಿತ್ತಲಲ್ಲಿ ಹತ್ತಿ ಬಿಡಿಸುತ್ತಿದ್ದರು. ನಾನು ಎಲ್ಲವನ್ನೂ ಹೇಳಿದೆ. ಎಷ್ಟು ಹೊತ್ತು ಕಾದೆ, ಎಷ್ಟು ಬೇಡಿದರೂ ಹೇಗೆ ಬಿಡಲಿಲ್ಲ ಎನ್ನುವುದನ್ನು ಹೆಮ್ಮೆಯಿಂದಲೇ ಹೇಳಿದೆ. ಅವರು ನನ್ನನ್ನು ಬಾಚಿ ತಬ್ಬಿಕೊಳ್ಳುತ್ತಾರೆ ಎಂದುಕೊಂಡಿದ್ದೆ.

ಅಜ್ಜಿ ಹತ್ತಿಯಿಂದ ಕೈ ತೆಗೆದರು. "ಒಳಗಿದ್ದ ಮಕ್ಕಳಿಗೆ ಬಾಯಾರಿತ್ತಾ?"

"ಹೂಂ. ಒಬ್ಬಳು ಅಳ್ತಿದ್ದಳು."

"ಹಾಗಾದರೆ ನೀನೇ ತೆಗೀಬೇಕಾಗಿತ್ತು ಮಗಾ."

"ಶತ್ರು ಹೊರಗಿದ್ದ ಅಜ್ಜಿ."

"ಅವತ್ತೂ ಇದ್ದ. ಕೋಟೆಯ ಬಾವಿ ಬತ್ತಿ, ಕೂಸುಗಳು ಒಂದೊಂದಾಗಿ ಹೋಗ್ತಿದ್ದವು. ಅಗುಳಿ ತೆಗೆದರೆ ಹೆಸರು ಕೆಡುತ್ತೆ ಅಂತ ನಮ್ಮ ಹಿರಿಯನಿಗೂ ಗೊತ್ತಿತ್ತು." ಅಜ್ಜಿಯ ದನಿ ಏರಲಿಲ್ಲ. "ನೋಡು, ನೀನು ತೆಗೆಯದಿದ್ದರೂ ಹೆಸರು ನಿನಗೇ ಬಂತು. ತೆಗೆದಿದ್ದರೆ ಆ ಹುಡುಗಿ ಅಷ್ಟು ಹೊತ್ತು ಅಳ್ತಿರಲಿಲ್ಲ."

ನನಗೆ ಅವರ ಮೇಲೂ ಸಿಟ್ಟು ಬಂತು. ಮುಖ ತಿರುಗಿಸಿ ಕೂತೆ. ಅವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಒಂದು ತಂಬಿಗೆ ತಂದು ನನ್ನ ಪಕ್ಕದಲ್ಲಿಟ್ಟು, ಮತ್ತೆ ಹತ್ತಿಯ ಮುಂದೆ ಕೂತರು. ಅದನ್ನು ಮುಟ್ಟಬಾರದೆಂದು ತುಂಬ ಹೊತ್ತು ಹಟ ಹಿಡಿದೆ. ಬೆಳಗಿನಿಂದ ನಾನೂ ನೀರು ಕುಡಿದಿರಲಿಲ್ಲ. ಕೊನೆಗೆ ಎರಡೂ ಕೈಯಲ್ಲಿ ಎತ್ತಿ ಒಂದೇ ಉಸಿರಿಗೆ ಕುಡಿದೆ. ಅಜ್ಜಿ ನನ್ನ ಕಡೆ ನೋಡಲಿಲ್ಲ. ಅವರ ಬೆರಳುಗಳ ನಡುವೆ ಹತ್ತಿ ಮೆಲ್ಲಗೆ ಅರಳುತ್ತಲೇ ಇತ್ತು.