ಪಟ್ಟಿಯ ಮೊದಲ ಸಾಲು

ಜುಲೈ ಒಂದು, ಸೋಮವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಕಾಲೇಜು ಪ್ರವೇಶದ ಪಟ್ಟಿ ತಿದ್ದಲು ಇನ್ನು ಐವತ್ತು ನಿಮಿಷ ಉಳಿದಿತ್ತು. ಐದು ಹೊಡೆದ ಮೇಲೆ ಐರ್ಲೆಂಡಿನ ಯಾವ ಮಕ್ಕಳೂ, ಅವರ ಯಾವ ಅಪ್ಪ ಅಮ್ಮನೂ ಆ ಪಟ್ಟಿಯ ಒಂದು ಸಾಲನ್ನೂ ಅಲುಗಿಸುವಂತಿರಲಿಲ್ಲ.

ನೆಸ್ಸಾ ಫೀನಿ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ವಯಸ್ಸು ಹದಿನೆಂಟು. ಶಾಲೆಯ ಕೊನೆಯ ಪರೀಕ್ಷೆ ಮುಗಿದು ಆರು ದಿನವಾಗಿತ್ತು. ಪಟ್ಟಿಯಲ್ಲಿ ಹತ್ತು ಸಾಲು. ಫೆಬ್ರವರಿಯಲ್ಲಿ ತುಂಬಿದಾಗ ಮೊದಲ ನಾಲ್ಕು ಸಾಲಿನಲ್ಲಿಯೂ ವೈದ್ಯಕೀಯವೇ ಇತ್ತು. ಐದನೆಯದು ಗಾಲ್ವೇಯ ಪಾದಚಿಕಿತ್ಸೆಯ ಪದವಿ. ಈಗ ಪರದೆಯ ಮೇಲೆ ಪಾದಚಿಕಿತ್ಸೆ ಮೊದಲ ಸಾಲಿಗೆ ಬಂದಿತ್ತು. ಖಚಿತಪಡಿಸುವ ಗುಂಡಿ ಒತ್ತುವುದೊಂದು ಬಾಕಿ. ಇಪ್ಪತ್ತು ನಿಮಿಷದಿಂದ ಅವಳು ಒತ್ತಿರಲಿಲ್ಲ. ಅಮ್ಮನಿಗೆ ಹೇಳದೆ ಒತ್ತಬಾರದು ಎಂದು ಕಾಯುತ್ತಿದ್ದಳು.

ಅಮ್ಮ ಅಟ್ರ್ಯಾಕ್ಟಾ, ಪೇಟೆಯ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದವಳು. ಬೆಳಗಿನ ಪಾಳಿ ಮುಗಿಸಿ ನಾಲ್ಕೂಕಾಲಿಗೆ ಒಳಗೆ ಬಂದವಳು, ಕೋಟು ಬಿಚ್ಚದೆಯೇ ಕೆಟಲ್ ಒಲೆಗಿಟ್ಟು, ಮಗಳ ಹೆಗಲ ಮೇಲಿಂದ ಪರದೆ ನೋಡಿದಳು.

"ಇದೇನಿದು?"

"ಪಟ್ಟಿ ಬದಲಾಯಿಸಿದೀನಿ ಅಮ್ಮ. ಇನ್ನೂ ಒತ್ತಿಲ್ಲ."

"ಒತ್ತೋದೂ ಬೇಡ."

ಅಟ್ರ್ಯಾಕ್ಟಾ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಮಿಸ್ ಟಾರ್ಪಿ ಏನಂದ್ರು? ಆರುನೂರು ಪಾಯಿಂಟ್ ತೆಗೆಯೋ ಹುಡುಗಿ ನಾನೂರರ ಕೋರ್ಸಿಗೆ ಹೋದ್ರೆ ಪಾಯಿಂಟೆಲ್ಲ ದಂಡ ಅಂದ್ರು ತಾನೆ?"

"ಪಾಯಿಂಟ್ ಏನು ಹಾಲಾ ಅಮ್ಮ, ಉಳಿದ್ರೆ ಕೆಟ್ಟುಹೋಗೋಕೆ?"

"ಬಾಯಿ ನೋಡು. ಥೇಟ್ ನಿಮ್ಮಪ್ಪಂದೇ."

ಮಿಸ್ ಟಾರ್ಪಿ ಎಂದರೆ ಶಾಲೆಯಲ್ಲಿ ಕೋರ್ಸು ಆರಿಸಲು ಸಲಹೆ ಕೊಡುವ ಮೇಡಮ್ಮು. ಅವರೊಬ್ಬರೇ ಅಲ್ಲ, ಊರಿನ ಅರ್ಧ ಜನ ಹಾಗೇ ಅನ್ನುತ್ತಿದ್ದರು. ವೈದ್ಯಕೀಯಕ್ಕೆ ಬೇರೆಯೇ ಆದ ಪ್ರವೇಶ ಪರೀಕ್ಷೆಯೊಂದಿದೆ. ಅದರ ಫಲಿತಾಂಶ ಹಿಂದಿನ ವಾರ ಬಂದು, ನೂರಕ್ಕೆ ತೊಂಬತ್ತಾರು ಮಂದಿಗಿಂತ ನೆಸ್ಸಾ ಮುಂದಿದ್ದಳು. ಭಾನುವಾರ ಪೂಜೆ ಮುಗಿಸಿ ಚರ್ಚಿನ ಬಾಗಿಲು ದಾಟುವಷ್ಟರಲ್ಲಿ ಅಟ್ರ್ಯಾಕ್ಟಾಳ ಕೈಯನ್ನು ಹನ್ನೆರಡು ಜನ ಕುಲುಕಿದ್ದರು.

ಪಟ್ಟಿಯ ನಿಯಮ ಸರಳ. ಮೇಲಿನಿಂದ ನೋಡುತ್ತ ಬಂದು, ಶಾಲೆಯ ಕೊನೆಯ ಪರೀಕ್ಷೆಯಲ್ಲಿ ಗಳಿಸಿದ ಪಾಯಿಂಟು ಸಾಲುವ ಮೊದಲನೆಯ ಸಾಲಿನ ಸೀಟು ಕೊಡುತ್ತಾರೆ. ಅದರ ಕೆಳಗಿನದೆಲ್ಲ ಅಳಿಸಿಹೋಗುತ್ತದೆ. ಬೇಕಾದದ್ದನ್ನು ಮೇಲೆ ಬರೆಯಿರಿ ಎಂದು ವರ್ಷವೂ ಹೇಳುತ್ತಾರೆ. ವರ್ಷವೂ ಜನ ಪಾಯಿಂಟಿನಲ್ಲಿ ದುಬಾರಿಯದನ್ನು ಮೇಲೆ, ಅಗ್ಗದ್ದನ್ನು ಕೆಳಗೆ ಬರೆಯುತ್ತಾರೆ.

"ಮೆಡಿಸಿನ್ ಮೇಲೇ ಇರ್ಲಿ," ಎಂದಳು ಅಟ್ರ್ಯಾಕ್ಟಾ, ಈಗ ಸ್ವಲ್ಪ ಮೆತ್ತಗೆ. "ಸಿಗದಿದ್ರೆ ನಿನ್ನ ಕಾಲಿನ ಓದು ಹೇಗೂ ಐದನೇದಕ್ಕೆ ಇತ್ತಲ್ಲ. ಅಲ್ಲೇ ಇರ್ಲಿ. ನಿಂಗೇನು ನಷ್ಟ?"

"ಸಿಕ್ಬಿಟ್ರೆ?"

"ಸಿಕ್ಕಿದ್ರೆ ಒಳ್ಳೇದೇ ಆಯ್ತು."

"ಸಿಗಲ್ಲ ಅನ್ನೋ ಭಯ ನಂಗಿಲ್ಲ ಅಮ್ಮ. ಸಿಕ್ಬಿಡುತ್ತೆ ಅನ್ನೋದೇ ಭಯ. ಸಿಕ್ಕಿದ್ರೆ ಐದನೇದು ಇರೋದೇ ಇಲ್ಲ."

ಕೆಟಲ್ ಕೂಗಿತು. ಅಟ್ರ್ಯಾಕ್ಟಾ ಏಳಲಿಲ್ಲ.

"ಹದಿನೈದು ವರ್ಷ ಆಯ್ತು ನಾನು ಆ ವರಾಂಡ ಒರೆಸೋಕೆ ಶುರು ಮಾಡಿ," ಎಂದಳು. "ಡಾಕ್ಟರುಗಳು ಬಂದ್ರೆ ಬಕೆಟ್ಟು ಗೋಡೆಗೆ ಸರಿಸಿ ನಿಂತ್ಕೋತೀನಿ. ಅವರೇನು ಕೆಟ್ಟವರಲ್ಲ. ಆದ್ರೆ ಯಾರೂ ನೋಡಲ್ಲ. ಒಂದಿನ ನೀನು ಆ ಬಿಳಿ ಕೋಟಲ್ಲಿ ಬಂದ್ರೆ, ನಾನು ಬಕೆಟ್ಟು ಸರಿಸಿ ನಿಂತ್ಕೊಂಡ್ರೆ, ನೀನು ನನ್ನ ನೋಡ್ತೀಯ. ಅಷ್ಟೇ ನನ್ನ ಆಸೆ. ತಪ್ಪಾ?"

"ತಪ್ಪಲ್ಲ."

"ಮತ್ತೆ?"

ಅಷ್ಟರಲ್ಲಿ ಹಿಂಬಾಗಿಲಲ್ಲಿ ಬೂಟು ಕೊಡವುವ ಸದ್ದಾಯಿತು. ನೆಸ್ಸಾಳ ಅಪ್ಪ ಮ್ಯಾಲಕಿ ಫೀನಿ ದನಗಳ ಗೊರಸು ಕೆತ್ತುವವನು. ಜಿಲ್ಲೆಯ ಹೈನು ಮನೆಗಳನ್ನೆಲ್ಲ ಸುತ್ತುತ್ತಾನೆ. ಅಂದು ಮೂವತ್ತೆಂಟು ಹಸುಗಳ ಕಾಲು ನೋಡಿ ಬಂದಿದ್ದ. ಇಬ್ಬರ ಮುಖ ನೋಡಿದವನು ಗಡಿಯಾರ ನೋಡಿದ. ನಾಲ್ಕೂ ಇಪ್ಪತ್ತೊಂಬತ್ತು.

"ಯಾರು ಗೆಲ್ತಿದಾರೆ?"

"ನಿಮ್ಮ ಮಗಳು ಕಾಲು ಹಿಡಿಯೋಕೆ ಹೊರಟಿದಾಳೆ. ನೀವಾದ್ರೂ ಹೇಳಿ."

ಮ್ಯಾಲಕಿ ಕೈ ತೊಳೆಯತೊಡಗಿದ. "ನಾನೇನು ಹೇಳ್ಲಿ? ಎಲ್ರೂ ಹಾಲು ನೋಡ್ತಾರೆ, ನಾನು ಕಾಲು ನೋಡ್ತೀನಿ. ಕಾಲು ಹೋದ ಮೇಲೆ ಹಾಲೂ ಇಲ್ಲ, ಹಸೂನೂ ಇಲ್ಲ."

"ನಾನು ಮಗೂ ವಿಷ್ಯ ಕೇಳಿದ್ದು, ಹಸೂದಲ್ಲ."

"ನನಗೆ ಗೊತ್ತಿರೋದು ಅದೊಂದೇ ಕಣೆ," ಎಂದು ಅವನು ಬ್ರೆಡ್ಡಿಗೆ ಬೆಣ್ಣೆ ಸವರಲು ಕೂತ.

ನೆಸ್ಸಾ ಪರದೆಯಿಂದ ಕಣ್ಣು ತೆಗೆದಳು. ಎರಡು ವರ್ಷದ ಹಿಂದೆ ಶಾಲೆಯಿಂದ ಒಂದು ವಾರ ಕೆಲಸ ನೋಡಿ ಬರಲು ಕಳಿಸಿದ್ದರು. ಊರಿನ ಡಾಕ್ಟರರಲ್ಲಿ ಜಾಗವಿರಲಿಲ್ಲ. ಆರೋಗ್ಯ ಕೇಂದ್ರದ ಪಾದಚಿಕಿತ್ಸಕಿಯ ಬಳಿ ಹೋಗಬೇಕಾಯಿತು. ಆ ಹೆಂಗಸು ಸಕ್ಕರೆ ಕಾಯಿಲೆಯವರ ಅಂಗಾಲಿಗೆ ತೆಳ್ಳನೆಯ ನೈಲಾನ್ ಎಳೆಯೊಂದನ್ನು ಹತ್ತು ಕಡೆ ಮುಟ್ಟಿಸುತ್ತಿದ್ದಳು. ಕಣ್ಣು ಮುಚ್ಚಿಕೊಂಡು, ಮುಟ್ಟಿದಾಗ ಹೂಂ ಅನ್ನಬೇಕು. ಮೂರನೆಯ ದಿನ ಒಬ್ಬ ಅಂಚೆಯವನು ಹತ್ತು ಸಲವೂ ಹೂಂ ಅನ್ನಲಿಲ್ಲ. ಇನ್ನೂ ಮುಟ್ಟಿಲ್ಲವೆಂದು ತಿಳಿದು ನಗುತ್ತ ಮಲಗಿದ್ದ. ಅಂಗಾಲಿನ ಸ್ಪರ್ಶ ಸತ್ತಿದ್ದು ಬೇಗ ಗೊತ್ತಾದ್ದರಿಂದ ಅವನ ಕಾಲು ಉಳಿಯಿತು. ಅದನ್ನು ಅವಳು ಮನೆಯಲ್ಲಿ ಹಲವು ಸಲ ಹೇಳಿದ್ದಳು. ಹೇಳದೇ ಇದ್ದದ್ದು ಬೇರೆ.

"ಅಮ್ಮ, ಅಜ್ಜನ ಆಸ್ಪತ್ರೆ ಕಾಗದಗಳನ್ನ ಓದಿದೆ. ಈಸ್ಟರ್ ರಜೇಲಿ."

ಅಟ್ರ್ಯಾಕ್ಟಾಳ ಅಪ್ಪ ಬಾರ್ಟ್ಲಿ ಸತ್ತು ನಾಲ್ಕು ವರ್ಷವಾಗಿತ್ತು. ಸಕ್ಕರೆ ಕಾಯಿಲೆಯಿಂದ ಎಡಗಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದ ಮೇಲೆ ಒಂಬತ್ತು ತಿಂಗಳು ಬದುಕಿದ್ದ. ಮನೆಯಲ್ಲಿ ಆ ಕಾಲಿನ ಮಾತು ಎತ್ತುತ್ತಿರಲಿಲ್ಲ.

"ಯಾಕೆ ಓದಿದೆ?"

"ಗೊತ್ತಾಗ್ಬೇಕಿತ್ತು. ಹನ್ನೊಂದು ತಿಂಗಳಲ್ಲಿ ಏಳು ಡಾಕ್ಟರು ನೋಡಿದಾರೆ ಅಮ್ಮ. ಹೃದಯ ನೋಡಿದಾರೆ, ಕಣ್ಣು ನೋಡಿದಾರೆ, ರಕ್ತ ನೋಡಿದಾರೆ. ಎಲ್ಲ ಸರಿಯಾಗೇ ನೋಡಿದಾರೆ, ಒಳ್ಳೇ ಡಾಕ್ಟರುಗಳೇ. ಒಬ್ಬರೂ ಕಾಲುಚೀಲ ಬಿಚ್ಚಿಸಿಲ್ಲ. ಅದು ಬೇರೆಯವರ ಕೆಲಸ. ಆ ಬೇರೆಯವರ ಹತ್ರ ಸರತಿ ಹದಿನಾಲ್ಕು ತಿಂಗಳಿತ್ತು. ಜನ ಇಲ್ಲ ಅಂತ."

ಮ್ಯಾಲಕಿ ಚಾಕು ಕೆಳಗಿಟ್ಟ.

"ಬಿಚ್ಚಿ ಹುಣ್ಣು ನೋಡಿದ್ದು ನೀನು," ಎಂದಳು ನೆಸ್ಸಾ. "ಭಾನುವಾರ. ಪೂಜೆಗೆ ಹೊರಡಿಸ್ತಾ."

ಅಟ್ರ್ಯಾಕ್ಟಾ ಎದ್ದು ಒಲೆಯ ಬಳಿ ಹೋದಳು. ಬೆನ್ನು ಇವರ ಕಡೆಗಿತ್ತು. ಕಪ್ಪಿಗೆ ಬಿಸಿನೀರು ಸುರಿದಳು. ಚಹದ ಪುಡಿ ಹಾಕಿರಲಿಲ್ಲ. ಅದನ್ನು ಚೆಲ್ಲಿ ಕಪ್ಪನ್ನು ಬೋರಲು ಹಾಕಿದಳು. ಗಡಿಯಾರದಲ್ಲಿ ನಾಲ್ಕೂ ನಲವತ್ತನಾಲ್ಕು ಆಗಿತ್ತು.

"ಏಳಲ್ಲ," ಎಂದಳು ಕೊನೆಗೆ, ತಿರುಗದೆಯೇ. "ಎಂಟು. ಕ್ರಿಸ್‌ಮಸ್ ಹಿಂದಿನ ದಿನ ಒಬ್ಬರು ಮನೆಗೇ ಬಂದಿದ್ರು. ಅವರದು ಕಾಗದ ಇಲ್ಲ. ಚಹಾ ಕುಡಿದು ಹೋದ್ರು."

"ಎಂಟು," ಎಂದಳು ನೆಸ್ಸಾ.

"ಒತ್ತು."

ನೆಸ್ಸಾ ಒತ್ತಿದಳು. ಪುಟ ಅಲ್ಲೇ ನಿಂತಿತು. ಕೊನೆಯ ಗಳಿಗೆಯಲ್ಲಿ ದೇಶದ ಮಕ್ಕಳೆಲ್ಲ ಅಲ್ಲೇ ಮುಗಿಬಿದ್ದಿದ್ದರು. ಮ್ಯಾಲಕಿ ಎದ್ದು ಅವಳ ಹಿಂದೆ ಬಂದು ನಿಂತ. ಅಟ್ರ್ಯಾಕ್ಟಾಳೂ ಬಂದಳು, ಕೋಟು ಇನ್ನೂ ಮೈಮೇಲೇ ಇತ್ತು. ನಾಲ್ಕೂ ಐವತ್ತೊಂದು. ಎರಡನೆಯ ಸಲ ಒತ್ತಿದಾಗಲೂ ಹಾಗೇ.

"ಮೊಬೈಲಿಂದ ಮಾಡು," ಎಂದಳು ಅಟ್ರ್ಯಾಕ್ಟಾ. "ನನ್ನದ್ರಿಂದ ಮಾಡು. ನನ್ನದು ಬೇಗ ಬರುತ್ತೆ."

ನಾಲ್ಕೂ ಐವತ್ತಾರಕ್ಕೆ ಅವಳ ಮೊಬೈಲಿನಿಂದಲೇ ಪಟ್ಟಿ ಖಚಿತವಾಯಿತು. ಒಂದನೆಯ ಸಾಲು: ಪಾದಚಿಕಿತ್ಸೆ, ಗಾಲ್ವೇ. ಅಟ್ರ್ಯಾಕ್ಟಾ ಅದನ್ನು ಎರಡು ಸಲ ಓದಿ, ಆಮೇಲೆ ಕೋಟು ಬಿಚ್ಚಿದಳು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ನೆಸ್ಸಾಳಿಗೆ ಆರುನೂರ ಹದಿಮೂರು ಪಾಯಿಂಟು, ಶಾಲೆಗೇ ಮೊದಲು. ಮುಂದಿನ ಬುಧವಾರ ಮಧ್ಯಾಹ್ನ ಎರಡು ಗಂಟೆಗೆ ಸೀಟು ಬಂತು. ಎರಡು ಗಂಟೆ ಒಂದು ನಿಮಿಷಕ್ಕೆ ಅವಳು ಒಪ್ಪಿಕೊಂಡಳು. ಆ ವರ್ಷದ ವೈದ್ಯಕೀಯದ ಕನಿಷ್ಠ ಅಂಕ ಸಂಜೆ ಗೊತ್ತಾಯಿತು. ಮೊದಲ ಸಾಲಿನಲ್ಲಿ ಅದೇ ಉಳಿದಿದ್ದರೆ, ಅದೇ ಸಿಗುತ್ತಿತ್ತು.

ಗುರುವಾರ ಬೆಳಿಗ್ಗೆ ಅಟ್ರ್ಯಾಕ್ಟಾ ಫಿಡೆಲ್ಮಾಳ ಮಾಂಸದಂಗಡಿಗೆ ಹೋದಳು. ಹಿಂದೆ ನಾಲ್ಕು ಜನ ಸರತಿಯಲ್ಲಿದ್ದರು. ಫಿಡೆಲ್ಮಾ ಹಂದಿಮಾಂಸ ತೆಳ್ಳಗೆ ಹೆಚ್ಚುತ್ತ, ತಲೆಯೆತ್ತದೆ ಕೇಳಿದಳು:

"ನಿನ್ನ ಮಗಳು ಡಾಕ್ಟರಾಗ್ತಾಳೆ ಅಂದಿದ್ರು. ಈಗ ನೋಡಿದ್ರೆ ಕಾಲಂತೆ?"

"ಹೌದು, ಕಾಲು."

"ಅಪ್ಪ ದನದ ಕಾಲು, ಮಗಳು ಜನದ ಕಾಲು. ಮನೆ ಕಸುಬು ಬಿಡ್ಲಿಲ್ಲ ಬಿಡು."

ಸರತಿಯಲ್ಲಿ ಯಾರೋ ಕಿಸಕ್ಕೆಂದರು. ಅಟ್ರ್ಯಾಕ್ಟಾಳೂ ನಕ್ಕಳು. "ಚೆನ್ನಾಗಿದೆ ಕಣೆ ಅದು. ಮ್ಯಾಲಕಿಗೆ ಹೇಳ್ತೀನಿ, ಗಾಡಿ ಮೇಲೆ ಬರೆಸ್ತಾನೆ. ನಿನ್ನ ಮಗನಿಗೆ ಎಷ್ಟನೇ ಸಾಲು ಬಂತು?"

"ಆರನೇದು," ಎಂದಳು ಫಿಡೆಲ್ಮಾ.

"ಅದೂ ಒಳ್ಳೇದೇ. ನಮ್ಮವಳಿಗೆ ಮೊದಲ್ನೇದು." ಆಮೇಲೆ ಸರತಿಯ ಕೊನೆಯವರಿಗೂ ಕೇಳುವಂತೆ, ಆದರೆ ದನಿ ಏರಿಸದೆ, ಒಂದೊಂದೇ ಮಾತು ಎಣಿಸಿ ಇಟ್ಟ ಹಾಗೆ ಹೇಳಿದಳು: "ಆರುನೂರ ಹದಿಮೂರು. ಮೆಡಿಸಿನ್ ಬರ್ತಿತ್ತು. ಅವಳೇ ಬೇಡ ಅಂದ್ಲು."

ಫಿಡೆಲ್ಮಾ ಮಾಂಸವನ್ನು ಕಾಗದದಲ್ಲಿ ಸುತ್ತಿ ಮುಂದೆ ತಳ್ಳಿದಳು. ಅಟ್ರ್ಯಾಕ್ಟಾ ಚೀಲಕ್ಕೆ ಹಾಕಿಕೊಂಡು, ಹೊರಡುವವಳು ನಿಂತಳು.

"ನಿಮ್ಮ ಯಜಮಾನರಿಗೆ ಸಕ್ಕರೆ ಬಂದು ಎಷ್ಟು ವರ್ಷ ಆಯ್ತು?"

"ಆರೇಳಾಯ್ತು. ಯಾಕೆ?"

"ಕಾಲುಚೀಲ ಬಿಚ್ಚಿಸಿ ಯಾರಾದ್ರೂ ನೋಡಿದಾರಾ?"

ಫಿಡೆಲ್ಮಾ ಕೈಯಲ್ಲಿದ್ದ ಚಾಕುವನ್ನು ಒರೆಸಿದಳು. "ಇಲ್ಲ," ಎಂದಳು.

"ಇವತ್ತು ನೋಡು," ಎಂದು ಅಟ್ರ್ಯಾಕ್ಟಾ ಬಾಗಿಲ ಕಡೆ ನಡೆದಳು. ಸರತಿಯವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಸೆಪ್ಟೆಂಬರಿನ ಮೊದಲ ವಾರ ಕಾಲೇಜು ಶುರುವಾಯಿತು. ಮಗಳ ಹಾಸಿಗೆ, ಪಾತ್ರೆ, ಪುಸ್ತಕ ಎಲ್ಲವನ್ನೂ ಮ್ಯಾಲಕಿ ತನ್ನ ಕೆಲಸದ ಗಾಡಿಯಲ್ಲೇ ಗಾಲ್ವೇಗೆ ಸಾಗಿಸಿದ. ಅಟ್ರ್ಯಾಕ್ಟಾಳೂ ಮುಂದಿನ ಸೀಟಿನಲ್ಲಿ ಕೂತು ಹೋದಳು. ಕಾಯಿಲೆಗಲ್ಲದೆ, ಯಾರದೋ ಮಣ್ಣಿಗಲ್ಲದೆ, ಹದಿನೈದು ವರ್ಷದಲ್ಲಿ ಅವಳು ಹಾಕಿದ ಮೊದಲ ರಜೆ ಅದು.